ಇನ್‌ಫ್ಲುಯೆಂಜಾ ತಳಿಗಳ ಜೀನ್ ಹೋಲಿಕೆ: ಯಾವ ಪ್ರಶ್ನೆಗೆ ಯಾವ ಗಣಕ ವಿಧಾನ?

2009ರ ಏಪ್ರಿಲ್‌ನಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದ ಇಬ್ಬರು ಮಕ್ಕಳಲ್ಲಿ ಪತ್ತೆಯಾದ ಇನ್‌ಫ್ಲುಯೆಂಜಾ ವೈರಸ್, ಆಗ ಮನುಷ್ಯರಲ್ಲಿ ಹರಡುತ್ತಿದ್ದ ಯಾವ ತಳಿಯನ್ನೂ ಹೋಲುತ್ತಿರಲಿಲ್ಲ. ಅದರ ಎಂಟು ಆರ್‌ಎನ್‌ಎ ತುಣುಕುಗಳನ್ನು ಬಿಡಿಬಿಡಿಯಾಗಿ ಹಳೆಯ ತಳಿಗಳ ಅನುಕ್ರಮಗಳೊಂದಿಗೆ, ಅಂದರೆ ಅವುಗಳ ಜೀನಿನ ಅಕ್ಷರಗಳ ಸಾಲುಗಳೊಂದಿಗೆ, ಹೋಲಿಸಿದಾಗ ಅವುಗಳ ನೆಂಟಸ್ತಿಕೆ ಬೇರೆ ಬೇರೆ ಕಡೆಗೆ ಹೋಯಿತು. ವೈರಸ್ಸನ್ನು ಜೀವಕೋಶಕ್ಕೆ ಅಂಟಿಸುವ ಮೇಲ್ಮೈ ಪ್ರೋಟೀನಾದ ಹೀಮಗ್ಲುಟಿನಿನ್‌ನ ತುಣುಕು, ಎನ್‌ಪಿ ಮತ್ತು ಎನ್‌ಎಸ್ ತುಣುಕುಗಳು ಉತ್ತರ ಅಮೆರಿಕದ ಹಂದಿಗಳಲ್ಲಿ ಬಹುಕಾಲದಿಂದ ಇದ್ದ ವಂಶಕ್ಕೆ ಸೇರಿದ್ದವು. ಇನ್ನೊಂದು ಮೇಲ್ಮೈ ಪ್ರೋಟೀನಾದ ನ್ಯೂರಾಮಿನಿಡೇಸ್‌ನ ತುಣುಕು ಮತ್ತು ಎಂ ತುಣುಕು ಯುರೋಪ್ ಮತ್ತು ಏಷ್ಯಾದ ಹಂದಿಗಳ ವಂಶದವು. ಪಿಬಿ2 ಮತ್ತು ಪಿಎ ಮೂಲತಃ ಹಕ್ಕಿಗಳವು. ಪಿಬಿ1 ಮನುಷ್ಯರ ಎಚ್‌3ಎನ್‌2 ತಳಿಯಿಂದ (ಎಚ್ ಎಂದರೆ ಹೀಮಗ್ಲುಟಿನಿನ್‌ನ, ಎನ್ ಎಂದರೆ ನ್ಯೂರಾಮಿನಿಡೇಸ್‌ನ ವಿಧ) ಹಿಂದೆಂದೋ ಹಂದಿಗಳಿಗೆ ದಾಟಿದ್ದು. ಹೀಮಗ್ಲುಟಿನಿನ್ ಒಂದನ್ನೇ ನೋಡಿದವರಿಗೆ ಇದು ಅಮೆರಿಕದ ಹಂದಿ ಜ್ವರವೆಂದಷ್ಟೇ ಕಾಣುತ್ತಿತ್ತು. ಎಂಟನ್ನೂ ಒಟ್ಟುಗೂಡಿಸಿ ಒಂದೇ ಶೇಕಡಾವಾರು ಹೋಲಿಕೆಯನ್ನು ಲೆಕ್ಕ ಹಾಕಿದ್ದರೆ, ಎಂಟರಲ್ಲಿ ಯಾವ ತುಣುಕಿಗೂ ಅನ್ವಯಿಸದ ಒಂದು ಸಂಖ್ಯೆ ಸಿಗುತ್ತಿತ್ತು.

ತಳಿಗಳನ್ನು ಹೋಲಿಸುವ ಗಣಕ ವಿಧಾನಗಳು ಈಗ ಬಹಳಷ್ಟಿವೆ, ಹೆಚ್ಚಿನವು ಉಚಿತವಾಗಿಯೇ ಸಿಗುತ್ತವೆ. ಸ್ನಾತಕೋತ್ತರ ಪದವಿಯ ಪ್ರಬಂಧಕ್ಕಾಗಿ ಅಥವಾ ಪ್ರಯೋಗಾಲಯದ ವರದಿಗಾಗಿ ಈ ಕೆಲಸಕ್ಕೆ ಕೈ ಹಾಕುವವರು ಸಾಮಾನ್ಯವಾಗಿ ಕೇಳುವುದು, ಇವುಗಳಲ್ಲಿ ಒಳ್ಳೆಯದು ಯಾವುದು ಎಂದು. ಆ ಪ್ರಶ್ನೆಗೆ ಹಾಗೆಯೇ ಉತ್ತರ ಹೇಳಲು ಬರುವುದಿಲ್ಲ. ಹೋಲಿಸಬೇಕಾದ ತಳಿಗಳು ಎಷ್ಟು ದೂರದ ನೆಂಟರು, ಯಾವ ತುಣುಕಿನ ಬಗ್ಗೆ ಮಾತಾಡುತ್ತಿದ್ದೇವೆ, ಮತ್ತು ಕೊನೆಗೆ ಬೇಕಾದ ಉತ್ತರ ವಂಶದ್ದೋ, ಕಾಲದ್ದೋ, ಲಸಿಕೆಯದ್ದೋ ಎಂಬ ಮೂರು ಸಂಗತಿ ಗೊತ್ತಾದರೆ ಆಯ್ಕೆಯ ಮುಕ್ಕಾಲು ಭಾಗ ತಾನಾಗಿಯೇ ಮುಗಿಯುತ್ತದೆ.

ನ್ಯೂಕ್ಲಿಯೋಟೈಡೋ, ಅಮೈನೋ ಆಮ್ಲವೋ

ಇನ್‌ಫ್ಲುಯೆಂಜಾ ಎ ವೈರಸ್ಸಿನ ಇಡೀ ಜೀನೋಮ್ ಸುಮಾರು 13,500 ನ್ಯೂಕ್ಲಿಯೋಟೈಡ್‌ಗಳಷ್ಟು, ಅಂದರೆ ಆರ್‌ಎನ್‌ಎಯ ಅಷ್ಟು ಅಕ್ಷರಗಳಷ್ಟು. ಅದರಲ್ಲಿ ಹೀಮಗ್ಲುಟಿನಿನ್ ಪ್ರೋಟೀನಿನ ಸಂಕೇತ ಭಾಗ ಸುಮಾರು 1,700. ಮನುಷ್ಯರ ಎಚ್‌3ಎನ್‌2 ತಳಿಯಲ್ಲಿ ಈ ಜೀನ್ ವರ್ಷಕ್ಕೆ ಸ್ಥಾನವೊಂದಕ್ಕೆ ಸುಮಾರು 0.005ರ ದರದಲ್ಲಿ ಬದಲಾಗುತ್ತದೆ, ಅಂದರೆ ಇಡೀ ಜೀನಿನಲ್ಲಿ ವರ್ಷಕ್ಕೆ ಎಂಟೊಂಬತ್ತು ಬದಲಾವಣೆಗಳು. ಒಂದೇ ಋತುವಿನ ತಳಿಗಳನ್ನು ಹೋಲಿಸುವಾಗ ಕೈಗೆ ಸಿಗುವ ಗುರುತುಗಳೇ ಇಷ್ಟು ಕಡಿಮೆ ಇರುವುದರಿಂದ, ಅಮೈನೋ ಆಮ್ಲವನ್ನು ಬದಲಿಸದ ಮೌನ ಬದಲಾವಣೆಗಳನ್ನು ಕಳೆದುಕೊಳ್ಳಬಾರದು. ನ್ಯೂಕ್ಲಿಯೋಟೈಡ್ ಮಟ್ಟದಲ್ಲಿಯೇ ಹೋಲಿಸಬೇಕು. ಎಚ್‌1 ಮತ್ತು ಎಚ್‌3ರಂತಹ ಬೇರೆ ಬೇರೆ ಉಪವಿಧಗಳನ್ನು ಒಟ್ಟಿಗೆ ಇಡುವಾಗ ಪರಿಸ್ಥಿತಿ ಪೂರ್ತಿ ತಿರುಗುತ್ತದೆ. ಅಲ್ಲಿ ಪ್ರೋಟೀನಿನ ಹೋಲಿಕೆಯೇ ಶೇಕಡಾ 40ರ ಆಸುಪಾಸಿಗೆ ಇಳಿದಿರುತ್ತದೆ, ಮೂರಕ್ಷರದ ಸಂಕೇತಗಳ ಕೊನೆಯ ಅಕ್ಷರವು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬದಲಾಗಿ ಹಳೆಯ ಗುರುತು ಅಳಿಸಿಹೋಗಿರುತ್ತದೆ. ಇಂತಹ ದೂರದ ಹೋಲಿಕೆಗೆ ಅಮೈನೋ ಆಮ್ಲಗಳ ಅನುಕ್ರಮವೇ ಗತಿ.

ಎಂ ಮತ್ತು ಎನ್‌ಎಸ್ ತುಣುಕುಗಳಿಗೆ ಇನ್ನೊಂದು ಎಚ್ಚರಿಕೆ ಬೇಕು. ಇವು ಒಂದರ ಮೇಲೊಂದು ಹಾಸಿಕೊಂಡ ಎರಡೆರಡು ಪ್ರೋಟೀನ್‌ಗಳ ಸಂಕೇತವನ್ನು ಹೊತ್ತಿರುವುದರಿಂದ, ಒಂದು ಪ್ರೋಟೀನಿಗೆ ಮೌನವಾದ ಬದಲಾವಣೆ ಇನ್ನೊಂದಕ್ಕೆ ಮೌನವಾಗಿ ಇರಬೇಕೆಂದಿಲ್ಲ. ಮೌನ ಬದಲಾವಣೆಗಳಿಗೂ ಅರ್ಥ ಬದಲಿಸುವ ಬದಲಾವಣೆಗಳಿಗೂ ಇರುವ ಅನುಪಾತವನ್ನು ಅಳೆದು ಆಯ್ಕೆಯ ಒತ್ತಡವನ್ನು ಊಹಿಸುವ ಲೆಕ್ಕಗಳು ಈ ಭಾಗಗಳಲ್ಲಿ ದಾರಿ ತಪ್ಪುತ್ತವೆ.

ಸಾಲು ಜೋಡಣೆ

ಅನುಕ್ರಮಗಳನ್ನು ಸ್ಥಾನಕ್ಕೆ ಸ್ಥಾನ ಹೊಂದುವಂತೆ ಸಾಲಾಗಿ ಜೋಡಿಸುವ ತಂತ್ರಾಂಶಗಳಲ್ಲಿ 2002ರಲ್ಲಿ ಬಂದ ಮ್ಯಾಫ್ಟ್, 2004ರ ಮಸಲ್ ಮತ್ತು 2011ರ ಕ್ಲಸ್ಟಲ್ ಒಮೆಗಾ ಹೆಚ್ಚು ಬಳಕೆಯಲ್ಲಿವೆ. ಒಂದೇ ಉಪವಿಧದ ತಳಿಗಳನ್ನು ಜೋಡಿಸುವುದಾದರೆ ಮೂರರಲ್ಲಿ ಯಾವುದನ್ನು ಹಿಡಿದರೂ ಫಲಿತಾಂಶ ಬಹುತೇಕ ಒಂದೇ, ಏಕೆಂದರೆ ಅಲ್ಲಿ ಅಕ್ಷರಗಳು ಸೇರುವುದೂ ಬಿಟ್ಟುಹೋಗುವುದೂ ವಿರಳ. ಈ ಆಯ್ಕೆಗೆ ದಿನಗಟ್ಟಲೆ ಕಳೆಯುವ ಅಗತ್ಯವಿಲ್ಲ. ಸಾವಿರಾರು ಅನುಕ್ರಮಗಳಿದ್ದರೆ ವೇಗದ ಕಾರಣಕ್ಕೆ ಮ್ಯಾಫ್ಟ್ ಸಾಕು. ಪ್ರತಿ ಅನುಕ್ರಮವನ್ನೂ ಒಂದು ಮಾದರಿ ತಳಿಗೆ ಮಾತ್ರ ಹೊಂದಿಸುವ ನೆಕ್ಸ್ಟ್‌ಕ್ಲೇಡ್ ಇನ್ನೂ ವೇಗದ್ದು, ಬ್ರೌಸರಿನಲ್ಲಿಯೇ ನಡೆಯುತ್ತದೆ, ಮತ್ತು ತಳಿಯು ಯಾವ ಶಾಖೆಗೆ ಸೇರಿದ್ದೆಂದು ಅಲ್ಲಿಯೇ ಹೇಳುತ್ತದೆ.

ವ್ಯತ್ಯಾಸ ಬೀಳುವ ಜಾಗಗಳು ಎರಡು, ಮತ್ತು ಎರಡೂ ಹಕ್ಕಿ ಜ್ವರಕ್ಕೆ ಸಂಬಂಧಿಸಿದವು. ಎಚ್‌5 ವೈರಸ್ಸಿನ ಹೀಮಗ್ಲುಟಿನಿನ್ ಅನ್ನು ಸೋಂಕಿತ ಜೀವಿಯ ಕಿಣ್ವಗಳು ಸೀಳುವ ತಾಣದಲ್ಲಿ ಆರ್ಜಿನಿನ್ ಮತ್ತು ಲೈಸಿನ್ ಎಂಬ ಅಮೈನೋ ಆಮ್ಲಗಳು ಹೆಚ್ಚುವರಿಯಾಗಿ ಸೇರಿಕೊಂಡಾಗ ಅದು ಕೋಳಿಗಳಿಗೆ ಮಾರಕವಾಗುತ್ತದೆ. ಸಾಕುಕೋಳಿಗಳಿಗೆ ಒಗ್ಗಿದ ಹಲವು ತಳಿಗಳ ನ್ಯೂರಾಮಿನಿಡೇಸ್ ಕಾಂಡದಲ್ಲಿ ಸುಮಾರು 20 ಅಮೈನೋ ಆಮ್ಲಗಳು ಕಾಣೆಯಾಗಿರುತ್ತವೆ. ಈ ಜಾಗಗಳಲ್ಲಿ ನ್ಯೂಕ್ಲಿಯೋಟೈಡ್‌ಗಳನ್ನು ನೇರವಾಗಿ ಜೋಡಿಸಿದರೆ ಖಾಲಿ ಜಾಗಗಳು ಸಂಕೇತದ ನಡುವೆಯೇ ಬಂದು ಕೂರುವುದುಂಟು. ಮೊದಲು ಪ್ರೋಟೀನಿಗೆ ಅನುವಾದಿಸಿ, ಅದನ್ನು ಜೋಡಿಸಿ, ಆ ಜೋಡಣೆಯನ್ನೇ ನ್ಯೂಕ್ಲಿಯೋಟೈಡ್‌ಗಳ ಮೇಲೆ ಹೇರುವುದು ಸುರಕ್ಷಿತ. ನೆಕ್ಸ್ಟ್‌ಕ್ಲೇಡ್ ಮಾದರಿ ತಳಿಯಲ್ಲಿ ಇಲ್ಲದ ಹೆಚ್ಚುವರಿ ಅಕ್ಷರಗಳನ್ನು ಜೋಡಣೆಯಿಂದ ತೆಗೆದು ಬೇರೆ ಕಂಬಸಾಲಿನಲ್ಲಿ ಬರೆದಿಡುತ್ತದೆ. ಸೀಳುವ ತಾಣವನ್ನು ಅಧ್ಯಯನ ಮಾಡುವವರು ಆ ಕಂಬಸಾಲನ್ನು ತೆರೆದು ನೋಡದಿದ್ದರೆ ತಾವು ಹುಡುಕುತ್ತಿರುವುದನ್ನೇ ಕಳೆದುಕೊಳ್ಳಬಹುದು.

ಸ್ಥಾನಗಳ ಎಣಿಕೆಯ ಗೊಂದಲವನ್ನೂ ಇಲ್ಲಿಯೇ ಹೇಳಬೇಕು, ಏಕೆಂದರೆ ಪ್ರಬಂಧಗಳಲ್ಲಿ ತಪ್ಪುಗಳು ನುಸುಳುವುದು ಹೆಚ್ಚಾಗಿ ಇದರಿಂದಲೇ. ಒಸೆಲ್ಟಾಮಿವಿರ್ ಔಷಧಿಗೆ ಪ್ರತಿರೋಧ ಕೊಡುವ, ಹಿಸ್ಟಿಡಿನ್ ಹೋಗಿ ಟೈರೋಸಿನ್ ಬರುವ ಬದಲಾವಣೆಯು ಎನ್‌1 ಎಣಿಕೆಯಲ್ಲಿ 275ನೇ ಸ್ಥಾನ, ಎನ್‌2 ಎಣಿಕೆಯಲ್ಲಿ 274. 2009ರ ಎಚ್‌1ಎನ್‌1ರ ಹೀಮಗ್ಲುಟಿನಿನ್‌ನಲ್ಲಿ 222 ಎಂದು ಕರೆಯುವ ಸ್ಥಾನವೇ ಎಚ್‌3 ಎಣಿಕೆಯಲ್ಲಿ 225. ಪ್ರೋಟೀನಿನ ಆರಂಭದಲ್ಲಿದ್ದು ನಂತರ ಕಳಚಿಹೋಗುವ ಸಿಗ್ನಲ್ ಭಾಗವನ್ನೂ ಸೇರಿಸಿ ಎಣಿಸಿದರೆ ಅದು 239. ಎರಡು ಲೇಖನಗಳ ಪಟ್ಟಿಗಳನ್ನು ಹೋಲಿಸುವ ಮೊದಲು ಯಾವ ಎಣಿಕೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ವಂಶವೃಕ್ಷ ಕಟ್ಟುವ ಮೂರು ದಾರಿಗಳು

ಅನುಕ್ರಮಗಳ ನಡುವಿನ ದೂರವನ್ನು ಲೆಕ್ಕ ಹಾಕಿ ಹತ್ತಿರದವರನ್ನು ಜೋಡಿಸುತ್ತ ಹೋಗುವ ನೆರೆಜೋಡಣೆ ವಿಧಾನವನ್ನು ನರುಯಾ ಸೈಟೋ ಮತ್ತು ಮಸಾತೋಶಿ ನೆಯಿ 1987ರಲ್ಲಿ ಕೊಟ್ಟರು. ಅದು ಕ್ಷಣಗಳಲ್ಲಿ ಮುಗಿಯುತ್ತದೆ. ಆದರೆ ಪ್ರತಿ ಸ್ಥಾನದ ಮಾಹಿತಿಯನ್ನೆಲ್ಲ ಒಂದೇ ದೂರವಾಗಿ ಕುಗ್ಗಿಸಿಬಿಡುವುದರಿಂದ, ಯಾವ ಬದಲಾವಣೆ ಯಾವ ಕೊಂಬೆಯಲ್ಲಿ ಆಯಿತೆಂಬುದು ಅದರಿಂದ ಸ್ಪಷ್ಟವಾಗುವುದಿಲ್ಲ. ಮೊದಲ ನೋಟಕ್ಕೆ, ತಪ್ಪು ಹೆಸರಿನ ಅಥವಾ ಬೇರೆ ಉಪವಿಧದ ಅನುಕ್ರಮ ನುಸುಳಿದೆಯೇ ಎಂದು ಪರೀಕ್ಷಿಸಲು ಅದು ಒಳ್ಳೆಯದು. ಪ್ರಕಟಿಸುವ ತೀರ್ಮಾನಕ್ಕೆ ಈಗ ಅದನ್ನೊಂದನ್ನೇ ನೆಚ್ಚಿಕೊಳ್ಳಲು ಕಾರಣವಿಲ್ಲ.

ಎರಡನೆಯದು ಗರಿಷ್ಠ ಸಂಭಾವ್ಯತೆಯ ವಿಧಾನ. ಕೈಯಲ್ಲಿರುವ ಅನುಕ್ರಮಗಳು ಹುಟ್ಟಿಬರಲು ಅತ್ಯಂತ ಹೆಚ್ಚು ಸಂಭವವಿರುವ ಮರವನ್ನು ಹುಡುಕುವ ಇದನ್ನು ಡಿಎನ್‌ಎ ಅನುಕ್ರಮಗಳಿಗೆ ನಡೆಯುವಂತೆ ಮಾಡಿದ್ದು 1981ರಲ್ಲಿ ಜೋಸೆಫ್ ಫೆಲ್ಸೆನ್‌ಸ್ಟೈನ್. ಕೊಂಬೆಗಳ ಮೇಲೆ ಎಷ್ಟು ನಂಬಿಕೆ ಇಡಬಹುದೆಂದು ಅಳೆಯುವ ಬೂಟ್‌ಸ್ಟ್ರ್ಯಾಪ್ ಪರೀಕ್ಷೆಯನ್ನು ವಂಶವೃಕ್ಷಗಳಿಗೆ ತಂದವರೂ ಅವರೇ, 1985ರಲ್ಲಿ. ನನ್ನ ಸಲಹೆ ಕೇಳುವವರಿಗೆ ನಾನು ಮೊದಲು ಹೇಳುವುದು ಈ ವಿಧಾನವನ್ನೇ. ಕೆಲವು ನೂರು ಅನುಕ್ರಮಗಳಿದ್ದರೆ ಐಕ್ಯೂ-ಟ್ರೀ ತಂತ್ರಾಂಶ ಸಾಧಾರಣ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ, ದತ್ತಾಂಶಕ್ಕೆ ಹೊಂದುವ ಬದಲಾವಣೆಯ ಮಾದರಿಯನ್ನು ತಾನೇ ಆರಿಸಿಕೊಡುತ್ತದೆ. ಅದರ ಅತಿವೇಗದ ಬೂಟ್‌ಸ್ಟ್ರ್ಯಾಪ್ ಅಂಕಗಳನ್ನು ಹಳೆಯ ಬೂಟ್‌ಸ್ಟ್ರ್ಯಾಪ್‌ನಂತೆ ಓದಬಾರದು: ಹಳೆಯದರಲ್ಲಿ ನೂರಕ್ಕೆ 70 ದಾಟಿದ ಕೊಂಬೆಯನ್ನು ಸಾಮಾನ್ಯವಾಗಿ ಒಪ್ಪುತ್ತಾರೆ, ಇಲ್ಲಿ 95 ದಾಟಬೇಕು. ಸಾವಿರಗಟ್ಟಲೆ ಅನುಕ್ರಮಗಳಿದ್ದರೆ ಫಾಸ್ಟ್‌ಟ್ರೀ ಬಳಸಬಹುದು. ಅದು ಅಂದಾಜಿನ ಲೆಕ್ಕ; ಒಂದೇ ಋತುವಿನ ತೀರ ಹತ್ತಿರದ ತಳಿಗಳಿದ್ದರೆ ಅದರ ಇಮ್ಮಡಿ ನಿಖರತೆಯ ಆವೃತ್ತಿಯನ್ನೇ ಹಾಕಿಕೊಳ್ಳಬೇಕು, ಇಲ್ಲವಾದರೆ ಅತಿ ಚಿಕ್ಕ ಕೊಂಬೆಗಳ ಉದ್ದ ತಪ್ಪಾಗುತ್ತದೆ.

ಮೂರನೆಯದು, ಮೊದಲಿಗೆ ಇಟ್ಟುಕೊಂಡ ಊಹೆಯನ್ನು ದತ್ತಾಂಶದಿಂದ ತಿದ್ದಿಕೊಳ್ಳುವ ಬೇಯ್ಸ್‌ನ ಸಂಭವನೀಯತೆಯನ್ನು ಆಧರಿಸಿದ್ದು, ಬೀಸ್ಟ್ ಅದರ ಪ್ರಮುಖ ತಂತ್ರಾಂಶ. ಒಂದೇ ಮರದ ಬದಲು ಸಾವಿರಾರು ಸಂಭವನೀಯ ಮರಗಳ ಗುಂಪನ್ನೇ ಅದು ಕೊಡುತ್ತದೆ, ಹಾಗಾಗಿ ಪ್ರತಿ ದಿನಾಂಕದ ಜೊತೆಗೆ ಅನಿಶ್ಚಿತತೆಯ ಅಂತರವೂ ಸಿಗುತ್ತದೆ. 2024ರ ಮಾರ್ಚ್‌ನಲ್ಲಿ ಅಮೆರಿಕದ ಹಾಲುಹಸುಗಳಲ್ಲಿ ಎಚ್‌5ಎನ್‌1 ದೃಢಪಟ್ಟಾಗ, ವೈರಸ್ ಹಕ್ಕಿಗಳಿಂದ ಹಸುಗಳಿಗೆ ದಾಟಿದ್ದು 2023ರ ಕೊನೆ ಅಥವಾ 2024ರ ಆರಂಭದಲ್ಲಿ, ಅಂದರೆ ಪತ್ತೆಯಾಗುವ ಕೆಲವು ತಿಂಗಳ ಮೊದಲೇ ಎಂಬ ಅಂದಾಜು ಬಂದದ್ದು ಇಂತಹ ಕಾಲಗಣನೆಯ ಮರಗಳಿಂದ. ಪ್ರಶ್ನೆ ಹೀಗೆ ಕಾಲದ್ದಾಗಿದ್ದರೆ ಬೀಸ್ಟ್‌ಗೆ ತೆರುವ ಬೆಲೆ ಸಾರ್ಥಕ. ಆ ಬೆಲೆ ಸಣ್ಣದಲ್ಲ: ದಿನಗಟ್ಟಲೆ ಓಡಬೇಕು, ಪ್ರತಿ ಅಂದಾಜಿನ ಪರಿಣಾಮಕಾರಿ ಮಾದರಿ ಗಾತ್ರ (ಸ್ವತಂತ್ರವೆನ್ನಬಹುದಾದ ಮಾದರಿಗಳ ಸಂಖ್ಯೆ) 200 ದಾಟಿದೆಯೇ ನೋಡಬೇಕು, ಮೊದಲಿಗೆ ಕೊಟ್ಟ ಊಹೆಗಳನ್ನು ಬದಲಿಸಿ ಮತ್ತೆ ಓಡಿಸಬೇಕು. ಬರೀ ಯಾವ ತಳಿ ಯಾವುದಕ್ಕೆ ಹತ್ತಿರ ಎಂದು ತಿಳಿಯಲು ಇಷ್ಟು ಶ್ರಮ ಬೇಡ. ಸಾವಿರಾರು ತಳಿಗಳ ಮರಕ್ಕೆ ದಿನಾಂಕ ಹಚ್ಚಬೇಕಾದರೆ, ಗರಿಷ್ಠ ಸಂಭಾವ್ಯತೆಯ ಮರವನ್ನೇ ತೆಗೆದುಕೊಂಡು ಕೆಲವು ನಿಮಿಷಗಳಲ್ಲಿ ಕೆಲಸ ಮುಗಿಸುವ ಟ್ರೀಟೈಮ್ ನಡುವಿನ ದಾರಿ.

ಕಾಲಗಣನೆಗೆ ಇಳಿಯುವ ಮುನ್ನ ಬೇರಿನಿಂದ ಪ್ರತಿ ತುದಿಗಿರುವ ದೂರವನ್ನು ಮಾದರಿ ಸಂಗ್ರಹಿಸಿದ ದಿನಾಂಕದ ಎದುರು ಗುರುತಿಸಿ ಒಂದು ಗೆರೆ ಬರುತ್ತದೆಯೇ ಎಂದು ನೋಡುವುದನ್ನು ಯಾರೂ ಬಿಡಬಾರದು. 1977ರಲ್ಲಿ ಮರಳಿ ಬಂದ ಎಚ್‌1ಎನ್‌1 ಇದಕ್ಕೆ ದೊಡ್ಡ ಪಾಠ. ಇಪ್ಪತ್ತು ವರ್ಷ ಮನುಷ್ಯರಲ್ಲಿ ಕಾಣದೆ ಹೋಗಿದ್ದ ಆ ವೈರಸ್, 1950ರ ಆಸುಪಾಸಿನ ತಳಿಗಳನ್ನೇ ಬಹಳ ಹತ್ತಿರದಿಂದ ಹೋಲುತ್ತಿತ್ತು. ಎಲ್ಲೋ ಶೀತಲ ಪೆಟ್ಟಿಗೆಯಲ್ಲಿ ಇದ್ದು ಹೊರಬಂದಂತೆ, ನಡುವಿನ ವರ್ಷಗಳ ಬದಲಾವಣೆಗಳು ಅದರಲ್ಲಿ ಇರಲಿಲ್ಲ. ಬದಲಾವಣೆಗಳು ಗಡಿಯಾರದಂತೆ ಸಮನಾಗಿ ನಡೆಯುತ್ತವೆಂದು ನಂಬುವ ಲೆಕ್ಕಕ್ಕೆ ಅಂತಹ ಅನುಕ್ರಮಗಳನ್ನು ಹಾಗೆಯೇ ಕೊಟ್ಟರೆ ಬದಲಾವಣೆಯ ದರವೂ ಕೆಡುತ್ತದೆ, ಪೂರ್ವಜರ ದಿನಾಂಕವೂ ಕೆಡುತ್ತದೆ. ಗೆರೆಯಿಂದ ಬಹಳ ಕೆಳಗೆ ಬಿದ್ದ ಚುಕ್ಕೆಗಳನ್ನು ಕಣ್ಣಿನಿಂದ ನೋಡಿದರೇ ಇದು ಗೊತ್ತಾಗುತ್ತದೆ.

ಎಂಟು ತುಣುಕುಗಳಿಗೆ ಎಂಟು ಮರಗಳು

ಎರಡು ತಳಿಗಳು ಒಂದೇ ಜೀವಕೋಶವನ್ನು ಹೊಕ್ಕಾಗ ಅವುಗಳ ತುಣುಕುಗಳು ಕಲೆತು ಹೊಸ ಜೋಡಣೆಯ ವೈರಸ್ ಹುಟ್ಟಬಹುದು; ಇದೇ ಮರುಜೋಡಣೆ. 1957ರ ಮಹಾಪಿಡುಗಿನ ಎಚ್‌2ಎನ್‌2 ಹಕ್ಕಿಗಳಿಂದ ಮೂರು ತುಣುಕುಗಳನ್ನು ಪಡೆದಿತ್ತು. 1968ರ ಎಚ್‌3ಎನ್‌2 ಎರಡನ್ನು ಪಡೆದಿತ್ತು. ತುಣುಕಿನ ಒಳಗೇ ಕತ್ತರಿಸಿ ಅಂಟಿಕೊಳ್ಳುವುದು ಇನ್‌ಫ್ಲುಯೆಂಜಾದಲ್ಲಿ ಬಹಳ ವಿರಳವಾದ್ದರಿಂದ ಒಂದು ತುಣುಕಿಗೆ ಒಂದು ಮರ ಎಂಬ ಲೆಕ್ಕ ನಿಲ್ಲುತ್ತದೆ, ಎಂಟಕ್ಕೂ ಸೇರಿ ಒಂದೇ ಮರ ಎಂಬ ಲೆಕ್ಕ ನಿಲ್ಲುವುದಿಲ್ಲ. ಎಂಟೂ ತುಣುಕುಗಳನ್ನು ಉದ್ದಕ್ಕೆ ಅಂಟಿಸಿ ಒಂದೇ ಮರ ಕಟ್ಟಿದ ಚಿತ್ರಗಳು ಇನ್ನೂ ಕಾಣಸಿಗುತ್ತವೆ. ಮರುಜೋಡಣೆ ಆಗಿಲ್ಲವೆಂದು ಮೊದಲೇ ಪರೀಕ್ಷಿಸಿದ ಒಂದು ಸಣ್ಣ ಹಾವಳಿಯ ತಳಿಗಳಿಗೆ ಬಿಟ್ಟರೆ ಬೇರೆಲ್ಲಿಯೂ ಅದನ್ನು ಮಾಡಬಾರದೆಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಆ ಮರದ ಕೊಂಬೆಗಳಿಗೆ ಹೆಚ್ಚಿನ ಬೂಟ್‌ಸ್ಟ್ರ್ಯಾಪ್ ಅಂಕ ಬಂದರೂ ಅದು ಯಾವ ವೈರಸ್ಸಿನ ನಿಜವಾದ ಚರಿತ್ರೆಯೂ ಆಗಿರುವುದಿಲ್ಲ.

ಮರುಜೋಡಣೆಯನ್ನು ಪತ್ತೆ ಮಾಡಲು ಸರಳ ದಾರಿ ಎರಡು ತುಣುಕುಗಳ ಮರಗಳನ್ನು ಎದುರುಬದುರು ಇಟ್ಟು, ಅದೇ ತಳಿಯನ್ನು ಗೆರೆಯಿಂದ ಸೇರಿಸಿ, ಎಲ್ಲಿ ಗೆರೆಗಳು ಅಡ್ಡ ಹಾಯುತ್ತವೆಂದು ನೋಡುವುದು. ಇಪ್ಪತ್ತು ಮೂವತ್ತು ತಳಿಗಳಿಗೆ ಇದು ಕಣ್ಣಿಗೆ ಹಿಡಿಯುವಂತಿರುತ್ತದೆ. ನೂರಾರು ಇದ್ದರೆ ಗೆರೆಗಳ ಗೋಜಲಾಗುತ್ತದೆ, ಮತ್ತು ನಂಬಿಕೆ ಕಡಿಮೆ ಇರುವ ಕೊಂಬೆಗಳು ಸುಮ್ಮನೆ ತಿರುಗಿದ್ದೂ ಮರುಜೋಡಣೆಯಂತೆ ಕಾಣುತ್ತದೆ. ಆಗ ಜಿರಾಫ್ ಅಥವಾ ಟ್ರೀನಿಟ್‌ನಂತಹ ತಂತ್ರಾಂಶಗಳು ಬೇಕು. ಮೊದಲನೆಯದು ಅನೇಕ ಸಂಭವನೀಯ ಮರಗಳನ್ನು ಹೋಲಿಸಿ ಅನಿಶ್ಚಿತತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಎರಡನೆಯದು ಜೋಡಿ ಮರಗಳಿಂದ ಅಡ್ಡ ಹಾಯದ ಗುಂಪುಗಳನ್ನು ವೇಗವಾಗಿ ಬಿಡಿಸುತ್ತದೆ. ಅಮೆರಿಕದ ಹಸುಗಳ ಎಚ್‌5ಎನ್‌1 ಅನ್ನು ಬಿ3.13 ಎಂದೂ ನಂತರ ಕಂಡ ಇನ್ನೊಂದನ್ನು ಡಿ1.1 ಎಂದೂ ಹೆಸರಿಸಿರುವುದು ಎಂಟು ತುಣುಕುಗಳ ಇಂತಹ ಸಂಯೋಜನೆಗಳನ್ನು ಗುರುತಿಸಿಯೇ. ಹೀಮಗ್ಲುಟಿನಿನ್ ಮಾತ್ರ ನೋಡಿದರೆ ಎರಡೂ 2.3.4.4ಬಿ ಎಂಬ ಒಂದೇ ಶಾಖೆಯವು.

ಜೋಡಣೆ ಇಲ್ಲದ ಹೋಲಿಕೆ

ಅನುಕ್ರಮವನ್ನು ನಿಗದಿತ ಉದ್ದದ ಅಕ್ಷರಗುಚ್ಛಗಳಾಗಿ ಒಡೆದು, ಎರಡು ಅನುಕ್ರಮಗಳಲ್ಲಿ ಎಷ್ಟು ಗುಚ್ಛಗಳು ಸಮಾನ ಎಂದು ಎಣಿಸುವ ವಿಧಾನಗಳಿಗೆ ಸಾಲು ಜೋಡಣೆಯೇ ಬೇಡ. 2016ರಲ್ಲಿ ಬಂದ ಮ್ಯಾಶ್ ಇದನ್ನು ಇನ್ನಷ್ಟು ಹಗುರ ಮಾಡಿ, ಗುಚ್ಛಗಳ ಒಂದು ಚಿಕ್ಕ ಮಾದರಿಯನ್ನು ಮಾತ್ರ ಹೋಲಿಸುತ್ತದೆ. ಲಕ್ಷಾಂತರ ಅನುಕ್ರಮಗಳ ರಾಶಿಯಿಂದ ಒಂದೇ ರೀತಿಯವನ್ನು ತೆಗೆದುಹಾಕಲು, ಹೊಸ ಅನುಕ್ರಮಕ್ಕೆ ಹತ್ತಿರದ ನೂರು ತಳಿಗಳನ್ನು ಆರಿಸಲು ಇದಕ್ಕಿಂತ ಅನುಕೂಲದ್ದು ಇಲ್ಲ. ಆದರೆ ಇದರ ಮಿತಿಯನ್ನು ಒಂದು ಸಣ್ಣ ಲೆಕ್ಕದಿಂದಲೇ ತಿಳಿಯಬಹುದು. 21 ಅಕ್ಷರದ ಗುಚ್ಛಗಳನ್ನು ತೆಗೆದುಕೊಂಡರೆ 1,700 ಉದ್ದದ ಜೀನಿನಲ್ಲಿ ಅವು 1,680 ಮಾತ್ರ. ಒಂದು ಅಕ್ಷರ ಬದಲಾದರೆ ಅದನ್ನು ಒಳಗೊಂಡ 21 ಗುಚ್ಛಗಳೂ ಹೋಗುತ್ತವೆ. ಎರಡು ತಳಿಗಳ ನಡುವೆ ಶೇಕಡಾ 1ರಷ್ಟು ವ್ಯತ್ಯಾಸವಿದ್ದರೆ ಸುಮಾರು ಶೇಕಡಾ 81 ಗುಚ್ಛಗಳು ಉಳಿಯುತ್ತವೆ. ವ್ಯತ್ಯಾಸ ಶೇಕಡಾ 10 ಆದರೆ ಉಳಿಯುವುದು ಶೇಕಡಾ 11ರಷ್ಟು. ಉಪವಿಧಗಳ ನಡುವೆ ಹೋದರೆ ಸಮಾನ ಗುಚ್ಛಗಳೇ ಬಹುತೇಕ ಇರುವುದಿಲ್ಲ, ಆಗ ಎಲ್ಲವೂ ಎಲ್ಲದಕ್ಕೂ ಒಂದೇ ದೂರದಲ್ಲಿರುವಂತೆ ಕಾಣುತ್ತದೆ. ಇದು ಜರಡಿ, ಜರಡಿಯಾಗಿಯೇ ಬಳಸಬೇಕು.

ಎರಡು ಮೂರು ಅಕ್ಷರಗಳ ಗುಚ್ಛಗಳ ಕಥೆ ಬೇರೆ. ಅವು ವಂಶಕ್ಕಿಂತ ಹೆಚ್ಚಾಗಿ ಅನುಕ್ರಮದ ಒಟ್ಟಾರೆ ಹದವನ್ನು ಹೇಳುತ್ತವೆ. ಹಕ್ಕಿಗಳ ಮೂಲದ ಇನ್‌ಫ್ಲುಯೆಂಜಾ ಎ ಮನುಷ್ಯರಲ್ಲಿ ನೆಲೆಯೂರಿದ ಮೇಲೆ, 1918ರಿಂದ ಈಚೆಗೆ, ಅದರ ಜೀನೋಮಿನಲ್ಲಿ ಸಿ ಮತ್ತು ಜಿ ಒಟ್ಟಿಗೆ ಬರುವ ಜೋಡಿಗಳು ದಶಕಗಳ ಉದ್ದಕ್ಕೂ ಕಡಿಮೆಯಾಗುತ್ತ ಬಂದಿವೆ. ಯಂತ್ರಕಲಿಕೆಯ ಮಾದರಿಗಳು ಅನುಕ್ರಮ ನೋಡಿ ವೈರಸ್ ಹಕ್ಕಿಯದ್ದೋ ಮನುಷ್ಯನದ್ದೋ ಎಂದು ಊಹಿಸುವಾಗ ಇಂತಹ ಗುರುತುಗಳನ್ನು ಬಳಸಿಕೊಳ್ಳುತ್ತವೆ. ಆ ಮಾದರಿಗಳ ಯಶಸ್ಸಿನ ಅಂಕಗಳನ್ನು ಓದುವಾಗ, ತರಬೇತಿಯ ಮತ್ತು ಪರೀಕ್ಷೆಯ ಅನುಕ್ರಮಗಳನ್ನು ಹೇಗೆ ಬೇರ್ಪಡಿಸಿದ್ದಾರೆಂದು ಕೇಳಲೇಬೇಕು. ಒಂದೇ ಋತುವಿನ ತಳಿಗಳು ಒಂದಕ್ಕೊಂದು ಅವಳಿಗಳಂತಿರುವುದರಿಂದ, ಎಣಿಸದೆ ಚೀಟಿ ಎತ್ತಿದಂತೆ ಬೇರ್ಪಡಿಸಿದರೆ ಪರೀಕ್ಷೆಯ ಪ್ರಶ್ನೆಗಳೇ ಪಾಠದಲ್ಲಿ ಬಂದಂತಾಗುತ್ತದೆ. ಹಿಂದಿನ ವರ್ಷಗಳಿಂದ ಕಲಿಸಿ ಮುಂದಿನ ವರ್ಷಗಳ ಮೇಲೆ, ಇಲ್ಲವೇ ಕೆಲವು ಶಾಖೆಗಳಿಂದ ಕಲಿಸಿ ಕಾಣದ ಶಾಖೆಯ ಮೇಲೆ ಪರೀಕ್ಷಿಸಿದ ಅಂಕವನ್ನು ಮಾತ್ರ ಗಣನೆಗೆ ತೆಗೆದುಕೊಳ್ಳಬಹುದು.

ಪ್ರಶ್ನೆ ಲಸಿಕೆಯದ್ದಾಗಿದ್ದರೆ

ವಿಶ್ವ ಆರೋಗ್ಯ ಸಂಸ್ಥೆ ಪ್ರತಿ ವರ್ಷ ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧಕ್ಕೂ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಗೋಳಾರ್ಧಕ್ಕೂ ಲಸಿಕೆಯ ತಳಿಗಳನ್ನು ಶಿಫಾರಸು ಮಾಡುತ್ತದೆ. ಅಲ್ಲಿ ಕೇಳುವ ಪ್ರಶ್ನೆಯೆಂದರೆ, ಹಳೆಯ ತಳಿಯ ವಿರುದ್ಧ ಮೂಡಿದ ಪ್ರತಿಕಾಯಗಳು ಹೊಸ ತಳಿಯನ್ನು ಗುರುತಿಸುತ್ತವೆಯೇ ಎಂದು. ಇಡೀ ಜೀನಿನ ಶೇಕಡಾವಾರು ಹೋಲಿಕೆ ಇದಕ್ಕೆ ಉತ್ತರ ಕೊಡುವುದಿಲ್ಲ. 1968ರಿಂದ 2003ರವರೆಗಿನ 35 ವರ್ಷಗಳ ಎಚ್‌3ಎನ್‌2 ತಳಿಗಳ ಪ್ರತಿಜನಕ ಗುಣವನ್ನು, ಅಂದರೆ ಅವು ಪ್ರತಿಕಾಯಗಳಿಗೆ ಹೇಗೆ ಕಾಣುತ್ತವೆಂಬುದನ್ನು, ನಕ್ಷೆಯಾಗಿ ಬಿಡಿಸಿದ 2004ರ ಅಧ್ಯಯನದಲ್ಲಿ ತಳಿಗಳು 11 ಗುಂಪುಗಳಾಗಿ ನಿಂತವು. ಜೀನ್ ಮೆಲ್ಲಗೆ ಒಂದೇ ಸಮನೆ ಬದಲಾಗುತ್ತಿದ್ದರೂ ಪ್ರತಿಜನಕ ಗುಣ ಗುಂಪಿನಿಂದ ಗುಂಪಿಗೆ ನೆಗೆದಿತ್ತು. ಆ ನೆಗೆತಗಳಿಗೆ ಮುಖ್ಯ ಕಾರಣ ಹೀಮಗ್ಲುಟಿನಿನ್ ಜೀವಕೋಶಕ್ಕೆ ಅಂಟುವ ಗ್ರಾಹಕ ತಾಣದ ಪಕ್ಕದ ಕೇವಲ ಏಳು ಸ್ಥಾನಗಳ ಬದಲಾವಣೆಗಳೆಂದು 2013ರಲ್ಲಿ ತೋರಿಸಲಾಯಿತು. ಆದ್ದರಿಂದ ಇಲ್ಲಿ ಪ್ರತಿಕಾಯಗಳು ಅಂಟುವ ಸ್ಥಾನಗಳನ್ನು ಮಾತ್ರ ಎಣಿಸುವ ದೂರಮಾಪನ, ಅದಕ್ಕೂ ಮೇಲೆ ಪ್ರಯೋಗಾಲಯದ ರಕ್ತಸಾರ ಪರೀಕ್ಷೆಯ ಅಂಕಿಗಳೊಂದಿಗೆ ಜೋಡಿಸಿದ ನಕ್ಷೆ ಬೇಕು. ಪ್ರೋಟೀನಿನ ಅನುಕ್ರಮಗಳನ್ನು ಭಾಷೆಯಂತೆ ಕಲಿತು, ರೋಗನಿರೋಧಕ ಶಕ್ತಿಯಿಂದ ತಪ್ಪಿಸಿಕೊಳ್ಳಬಲ್ಲ ಬದಲಾವಣೆಗಳನ್ನು ಊಹಿಸುವ ಮಾದರಿಯೊಂದು 2021ರಲ್ಲಿ ಹೀಮಗ್ಲುಟಿನಿನ್ ಮೇಲೂ ಪ್ರಯೋಗವಾಯಿತು. ಇದು ಭರವಸೆಯ ದಾರಿ, ಆದರೆ ರಕ್ತಸಾರ ಪರೀಕ್ಷೆಯ ಜಾಗದಲ್ಲಿ ಅದನ್ನು ಕೂರಿಸುವ ಕಾಲ ಬಂದಿಲ್ಲ.

ಔಷಧ ಪ್ರತಿರೋಧದ ಅಥವಾ ಸಸ್ತನಿಗಳಿಗೆ ಒಗ್ಗುವಿಕೆಯ ಪ್ರಶ್ನೆಗಾದರೆ ಮರವೂ ಬೇಡ, ನಕ್ಷೆಯೂ ಬೇಡ. ಹಿಂದೆ ಹೇಳಿದ 275ನೇ ಸ್ಥಾನ, ಅಮಾಂಟಡಿನ್ ಗುಂಪಿನ ಔಷಧಿಗಳಿಗೆ ಎಂ2 ಪ್ರೋಟೀನಿನ 31ನೇ ಸ್ಥಾನ, ಸಸ್ತನಿಗಳಿಗೆ ಒಗ್ಗುವಿಕೆಯ ಗುರುತಾಗಿ ಪಿಬಿ2ರ 627ನೇ ಸ್ಥಾನ ಹೀಗೆ ನಿರ್ದಿಷ್ಟ ಸ್ಥಾನಗಳ ಪಟ್ಟಿ ಹಿಡಿದು ನೋಡುವುದೇ ನೇರ.

ದತ್ತಾಂಶದ ಶುಚಿ

ಯಾವ ವಿಧಾನವನ್ನು ಆರಿಸಿದರೂ ಅದಕ್ಕೆ ಉಣಿಸುವ ಅನುಕ್ರಮಗಳನ್ನು ನಂಬಲು ಬರಬೇಕು. ಮುಕ್ತವಾದ ಜೆನ್‌ಬ್ಯಾಂಕ್ ಮತ್ತು 2008ರಲ್ಲಿ ಶುರುವಾದ ಜಿಸೈಡ್ ಎರಡು ಮುಖ್ಯ ಭಂಡಾರಗಳು. ಹೊಸ ತಳಿಗಳು ಹೆಚ್ಚಾಗಿ ಜಿಸೈಡ್‌ನಲ್ಲಿ ಬೇಗ ಸಿಗುತ್ತವೆ, ಆದರೆ ನೋಂದಣಿ ಮಾಡಿಕೊಂಡು, ಅನುಕ್ರಮ ಕೊಟ್ಟ ಪ್ರಯೋಗಾಲಯಗಳನ್ನು ಹೆಸರಿಸುವ ಷರತ್ತಿಗೆ ಒಪ್ಪಬೇಕು, ಅನುಕ್ರಮಗಳನ್ನು ಮರುಹಂಚುವಂತಿಲ್ಲ. ಎರಡರಿಂದಲೂ ತೆಗೆದುಕೊಂಡರೆ ಒಂದೇ ತಳಿ ಎರಡು ಬಾರಿ ಬಂದಿರಬಹುದು.

ತಳಿಯನ್ನು ಎಲ್ಲಿ ಬೆಳೆಸಿದ್ದಾರೆಂಬ ವಿವರವನ್ನು ಹೆಚ್ಚಿನವರು ಗಮನಿಸುವುದಿಲ್ಲ, ಗಮನಿಸಬೇಕು. ಕೋಳಿ ಮೊಟ್ಟೆಯಲ್ಲಿ ಬೆಳೆಸಿದ ವೈರಸ್ ಮೊಟ್ಟೆಗೆ ಒಗ್ಗುವ ಬದಲಾವಣೆಗಳನ್ನು ಪಡೆಯುತ್ತದೆ. 2016–17ರ ಋತುವಿನ ಎಚ್‌3ಎನ್‌2 ಲಸಿಕೆಯಲ್ಲಿ ಹೀಮಗ್ಲುಟಿನಿನ್‌ನ 160ನೇ ಸ್ಥಾನದ ಬಳಿಯ ಸಕ್ಕರೆಯ ಸರಪಳಿ ಹೀಗೆಯೇ ಕಳೆದುಹೋಗಿತ್ತು, ಹರಡುತ್ತಿದ್ದ ವೈರಸ್ಸಿನಲ್ಲಿ ಅದು ಇತ್ತು. ಮೊಟ್ಟೆಯಲ್ಲಿ ಬೆಳೆದ ಅನುಕ್ರಮಗಳನ್ನು ರೋಗಿಯ ಮಾದರಿಯಿಂದ ನೇರವಾಗಿ ಓದಿದವುಗಳ ಜೊತೆ ಬೆರೆಸಿದರೆ, ಪ್ರಯೋಗಾಲಯದ ಬದಲಾವಣೆಯೇ ನಿಸರ್ಗದ ಆಯ್ಕೆಯಂತೆ ಕಾಣುತ್ತದೆ.

ಎಲ್ಲ ಊರುಗಳಿಂದಲೂ ಅನುಕ್ರಮಗಳು ಒಂದೇ ಪ್ರಮಾಣದಲ್ಲಿ ಬರುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2012ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿ ಟರ್ಕಿ ಕೋಳಿಗಳು ಸತ್ತು, ಭೋಪಾಲದ ಪ್ರಯೋಗಾಲಯ ಎಚ್‌5ಎನ್‌1 ಎಂದು ದೃಢಪಡಿಸಿದಂತಹ ಒಂದು ಹಾವಳಿಯನ್ನು ಊಹಿಸಿಕೊಳ್ಳಿ. ಅಂತಹ ತಳಿಯೊಂದರ ಅತಿ ಹತ್ತಿರದ ನೆಂಟ ಮರದಲ್ಲಿ ಬೇರೊಂದು ದೇಶದ ತಳಿಯಾಗಿ ಕಂಡರೆ, ವೈರಸ್ ಅಲ್ಲಿಂದ ನೇರ ಬಂತೆಂದು ಬರೆಯುವ ಆಸೆಯಾಗುತ್ತದೆ. ನಡುವಿನ ಪ್ರದೇಶಗಳಿಂದ ಆ ವರ್ಷಗಳ ಅನುಕ್ರಮಗಳು ಭಂಡಾರದಲ್ಲಿ ಎಷ್ಟಿವೆ ಎಂದು ಮೊದಲು ಎಣಿಸಬೇಕು. ಕೊಂಬೆ ಉದ್ದವಾಗಿದ್ದರೆ ನಡುವೆ ಯಾರೂ ಓದದ ತಳಿಗಳು ಇದ್ದವೆಂದೇ ಅರ್ಥ. ಹೆಚ್ಚು ಅನುಕ್ರಮಗಳಿರುವ ದೇಶಗಳಿಂದ ವರ್ಷಕ್ಕೆ ಇಂತಿಷ್ಟೇ ಎಂದು ಮಿತಿ ಹಾಕಿ ಆರಿಸಿಕೊಂಡು, ಆ ಆಯ್ಕೆಯನ್ನು ನಾಲ್ಕೈದು ಬಾರಿ ಬೇರೆ ಬೇರೆಯಾಗಿ ಮಾಡಿ, ಪ್ರತಿ ಬಾರಿಯೂ ಅದೇ ಕೊಂಬೆ ಅಲ್ಲಿಯೇ ನಿಲ್ಲುತ್ತದೆಯೇ ಎಂದು ನೋಡಿದ ಮೇಲೆಯೇ ಮೂಲದ ಮಾತನ್ನು ಬರೆಯಬಹುದು. ಪ್ರತಿ ಅನುಕ್ರಮದ ಭಂಡಾರದ ಸಂಖ್ಯೆ, ಅದನ್ನು ಬೆಳೆಸಿದ ಮಾಧ್ಯಮ, ಸಂಗ್ರಹದ ದಿನಾಂಕ, ಬಳಸಿದ ತಂತ್ರಾಂಶದ ಆವೃತ್ತಿ ಮತ್ತು ಸ್ಥಾನಗಳ ಎಣಿಕೆಯ ಕ್ರಮ ಇವಿಷ್ಟನ್ನು ಆ ಬರಹದ ಜೊತೆಗೇ ಪಟ್ಟಿಯಾಗಿ ಕೊಟ್ಟರೆ, ಮುಂದಿನ ಋತುವಿನ ತಳಿಗಳನ್ನು ಅದೇ ಮರಕ್ಕೆ ಸೇರಿಸಿ ನೋಡಲು ಇನ್ನೊಬ್ಬರಿಗೆ ಸಾಧ್ಯವಾಗುತ್ತದೆ.